ಒಳಗೆ ಬಿಟ್ಟ ಬಟ್ಟೆ

"ಗೋಡೆಗೆ ಮೊಳೆ ಮಾತ್ರ ಹೊಡೀಬಾರದು," ಅಂತ ಮನೆ ಯಜಮಾನಿ ಬೀಗದ ಕೈ ಕೊಡುವ ಮೊದಲೇ ಹೇಳಿಬಿಟ್ಟಳು.

"ನಾವೇನು ಇಲ್ಲಿ ಇರೋಕೆ ಬಂದಿಲ್ಲಮ್ಮ," ಅಂದಳು ಟೈಲರಕ್ಕ.

ಬಾಡಿಗೆ ಮನೆಯ ಬಾಗಿಲಲ್ಲಿ ನಿಂತುಕೊಂಡು ಇರೋಕೆ ಬಂದಿಲ್ಲ ಅಂದರೆ ಕೇಳಿದವರು ನಗಬೇಕು. ಯಜಮಾನಿ ನಗಲಿಲ್ಲ. ಆ ಕಟ್ಟಡಕ್ಕೆ ಬರುವವರೆಲ್ಲ ಇದೇ ಮಾತನ್ನು ಒಂದೊಂದು ಥರ ಹೇಳುವವರು. ಎದುರಿನ ರಸ್ತೆ ದಾಟಿದರೆ ದೊಡ್ಡಾಸ್ಪತ್ರೆ. ದೂರದೂರದಿಂದ ರೋಗಿಗಳನ್ನು ಕರೆತಂದವರು ಈ ಫ್ಲಾಟುಗಳಲ್ಲಿ ಒಂದಷ್ಟು ಕಾಲ ಇರುತ್ತಾರೆ, ಹೋಗುತ್ತಾರೆ. ಹೇಗೆ ಹೋದರು ಅಂತ ಯಜಮಾನಿ ಕೇಳುವುದಿಲ್ಲ. ಗೋಡೆಯಲ್ಲಿ ತೂತು ಬಿದ್ದಿದೆಯಾ ಅಂತ ನೋಡಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಟೈಲರಕ್ಕ ಕರೆತಂದದ್ದು ತನ್ನ ತಂಗಿಯನ್ನು. ಹೊಟ್ಟೆಯೊಳಗೆ ಗಡ್ಡೆ. ಊರಿನ ಡಾಕ್ಟರು ಕೈಚೆಲ್ಲಿ, ಅಲ್ಲಿಗೇ ಹೋಗಿ ಅಂದಿದ್ದರು. ತಂಗಿ ಬಸ್ ಕಂಡಕ್ಟರ್. ಹುಟ್ಟಿದಾಗಿನಿಂದ ಗಂಟಲು ದೊಡ್ಡದು, ಅದಕ್ಕೇ ಮನೆಯಲ್ಲಿ ಪೀಪಿ ಅಂತ ಹೆಸರು ಬಿತ್ತು, ಡಿಪೋದವರೆಗೂ ಅದೇ ಹಿಂಬಾಲಿಸಿತು. ಅವಳು ಬಾಗಿಲಲ್ಲಿ ನಿಂತು "ರೈಟ್" ಅಂದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಎದ್ದು ತನ್ನ ಚೀಲ ಹುಡುಕಿಕೊಳ್ಳಬೇಕು. ಅಕ್ಕ ಇದಕ್ಕೆ ತದ್ವಿರುದ್ಧ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೆಲಸ ಮಾಡಿ ಮಾಡಿ, ಪಿನ್ನು ಇಲ್ಲದಾಗಲೂ ತುಟಿ ಬಿಚ್ಚದ ಹೆಂಗಸು. ಇಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ಯಾಕೆ ಅಂತ ಕೇಳಬೇಡಿ, ಅದು ಬೇರೆ ಕಥೆ, ಅದಕ್ಕೆ ಇಲ್ಲಿ ಜಾಗವಿಲ್ಲ.

ಅಮ್ಮ ತೀರಿಕೊಂಡಾಗ ಪೀಪಿಗೆ ಇನ್ನೂ ತೊದಲು ಮಾತು. ಅಕ್ಕ ಆಗಲೇ ಮಿಷನ್ನಿನ ಮುಂದೆ ಕೂತಿದ್ದಳು. ತಂಗಿಯ ಮೊದಲ ಫ್ರಾಕಿನಿಂದ ಹಿಡಿದು ಡಿಪೋದ ನೀಲಿ ಯೂನಿಫಾರ್ಮ್ ಅಂಗಿಯವರೆಗೆ, ಬೇರೆಯವರು ಹೊಲಿದ ಬಟ್ಟೆ ಆ ಮೈಮೇಲೆ ಬಿದ್ದದ್ದೇ ಇಲ್ಲ. ಅಕ್ಕನದೊಂದು ಹಟವಿತ್ತು. ಪಕ್ಕದ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಬಿಡಬೇಕು. ಮಿಕ್ಕ ಟೈಲರುಗಳು ಬೆರಳಗಲ ಬಿಟ್ಟರೆ ಇವಳು ಅಂಗೈಯಗಲ ಬಿಡುವವಳು. "ನಾಳೆ ದಪ್ಪ ಆದ್ರೆ ಏನ್ ಮಾಡ್ತೀರಿ?" ಅನ್ನುವುದು ಅವಳ ವಾದ. ಅದೊಂದು ಮಾತಿಗೆ ಮಾತ್ರ ಅವಳು ಬಾಯಿಂದ ಪಿನ್ನು ತೆಗೆಯುತ್ತಿದ್ದದ್ದು. ವರ್ಷಕ್ಕೊಮ್ಮೆ ಪೀಪಿಯ ಬಟ್ಟೆಯ ಹೊಲಿಗೆ ಬಿಚ್ಚಿ ಒಳಗಿನದನ್ನು ಹೊರಕ್ಕೆ ಬಿಡುವಾಗ, ಒಗೆದು ಒಗೆದು ಮಾಸಿದ ಬಟ್ಟೆಯ ಪಕ್ಕದಲ್ಲಿ ಹೊಸ ಬಣ್ಣದ ಒಂದು ಪಟ್ಟಿ ಕಾಣುತ್ತಿತ್ತು. ಬೇರೆ ಮಕ್ಕಳಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಪೀಪಿ ಮಾತ್ರ ಕೈ ಎತ್ತಿ, "ನೋಡ್ರೇ, ಇಷ್ಟು ನಾನು ಈ ವರ್ಷ ಬೆಳೆದದ್ದು," ಅಂತ ಇಡೀ ಶಾಲೆಗೆ ತೋರಿಸಿಕೊಂಡು ಬರುತ್ತಿದ್ದಳು.

ಈಗ ಫ್ಲಾಟಿನ ವಿಷಯಕ್ಕೆ ಬರೋಣ. ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ, ಮೈ ತಿರುಗಿಸಲು ಯೋಚನೆ ಮಾಡಬೇಕಾದಂಥ ಬಚ್ಚಲು. ಎರಡು ಮಂಚ, ಒಂದು ಮೇಜು, ಒಂದು ಕುರ್ಚಿ. ಕಪಾಟಿನೊಳಗೆ ಹಿಂದಿನವರು ಬಿಟ್ಟುಹೋದ ಒಂಟಿ ಕಾಲುಚೀಲ. ಕಿಟಕಿಗೆ ಪರದೆಯ ಸರಳಿತ್ತು, ಪರದೆ ಇರಲಿಲ್ಲ. ಮಧ್ಯಾಹ್ನವಾದರೆ ಬಿಸಿಲು ನೇರ ಪೀಪಿಯ ಮಂಚಕ್ಕೇ ಬಂದು ಬೀಳುತ್ತಿತ್ತು. ಅಕ್ಕ ಒಂದು ಹಾಸಿಗೆ ಬಟ್ಟೆಯನ್ನು ಸರಳಿಗೆ ಕ್ಲಿಪ್ಪು ಹಾಕಿ ನೇತುಹಾಕಿದಳು. ಗಾಳಿ ಬಂದರೆ ಅದು ಕಳಚಿ ಬೀಳುತ್ತಿತ್ತು, ಅವಳು ಎತ್ತಿ ಮತ್ತೆ ಸಿಕ್ಕಿಸುತ್ತಿದ್ದಳು. ಅಲ್ಲ, ಹೇಳಿ ನೋಡೋಣ, ಊರವರ ಮನೆಗೆಲ್ಲ ಪರದೆ ಹೊಲಿದುಕೊಟ್ಟ ಹೆಂಗಸು, ಹೊಲಿಗೆ ಮಿಷನ್ನನ್ನು ಊರಿಂದ ಹೊತ್ತು ತಂದವಳು, ತನ್ನ ಕಿಟಕಿಗೆ ಕ್ಲಿಪ್ಪು ಹಾಕಿಕೊಂಡು ಕೂತರೆ ಏನನ್ನಬೇಕು? ಆ ಮಿಷನ್ನು ಮರದ ಪೆಟ್ಟಿಗೆಯೊಳಗೆ ಬಂದ ಹಾಗೇ ಬಾಗಿಲ ಪಕ್ಕ ಕೂತಿತ್ತು. ಸೂಟ್‌ಕೇಸಿನ ಬಟ್ಟೆ ಕಪಾಟಿಗೆ ಹೋಗಲಿಲ್ಲ. ಬೇಕಾದದ್ದನ್ನು ತೆಗೆಯುವುದು, ಒಗೆದು ಮಡಚಿ ಮತ್ತೆ ಸೂಟ್‌ಕೇಸಿಗೇ ಇಡುವುದು. ಕುರ್ಚಿಯಲ್ಲೂ ಅವಳು ಕೂರುತ್ತಿರಲಿಲ್ಲ. ಕೂತರೆ ಮಿಷನ್ನಿನ ಪೆಟ್ಟಿಗೆಯ ಮೇಲೆ, ಅದೂ ಅರ್ಧ.

"ಅಕ್ಕಾ," ಅಂದಳು ಪೀಪಿ ಒಂದು ದಿನ ಮಲಗಿದಲ್ಲಿಂದಲೇ, "ಸೀಟು ಖಾಲಿ ಇದೆ, ಕೂತ್ಕೋ. ಮುಂದಿನ ಸ್ಟಾಪಿಗೆ ಇಳಿಯೋಳ ಥರ ಯಾಕೆ ಬಾಗಿಲ ಹತ್ರ ನಿಂತಿರ್ತೀಯ?"

"ಇಳಿಯೋದೇ ತಾನೇ," ಅಂದಳು ಅಕ್ಕ. "ನೀನು ಹುಷಾರಾದ ಕೂಡ್ಲೇ ಹೊರಟುಬಿಡೋಣ."

ಆ ನಗರ ಎಷ್ಟು ದೊಡ್ಡದು ಅಂತ ಅವಳಿಗೆ ಕಡೆಗೂ ಗೊತ್ತಾಗಲಿಲ್ಲ. ಅಲ್ಲಿ ಏನೇನಿದೆ ಅಂತ ಕೇಳಿದರೆ, ಒಂದು ಸಿಗ್ನಲ್ಲಿದೆ, ಒಂದು ಔಷಧಿ ಅಂಗಡಿ ಇದೆ, ಒಂದು ಬ್ರೆಡ್ಡಿನಂಗಡಿ ಇದೆ ಅಂದಾಳು. ಬೆಳಿಗ್ಗೆ ಏಳುವಳು, ಹಾಲು ಕಾಯಿಸುವಳು, ತಂಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿಗೆ ತಳ್ಳುವಳು. ಸಿಗ್ನಲ್ಲಿನಲ್ಲಿ ಜನ ದಾಟಿದರೆ ತಾನೂ ದಾಟುವಳು, ನಿಂತರೆ ನಿಲ್ಲುವಳು. ಬಿಸಿ ಟೀ ನಾಲಿಗೆ ಸುಟ್ಟರೂ ಅವಳಿಗೆ ಗೊತ್ತಾಗುತ್ತಿದ್ದದ್ದು ಸಂಜೆ, ಬ್ರೆಡ್ಡು ತಿನ್ನುವಾಗ ಉರಿದರೆ. ಭಯವೂ ಇರಲಿಲ್ಲ, ದುಃಖವೂ ಇರಲಿಲ್ಲ. ಪಕ್ಕದ ಫ್ಲಾಟಿನಿಂದ ಅಳು ಕೇಳಿದರೆ, ಅಯ್ಯೋ ಪಾಪ ಅನ್ನಬೇಕು ಅಂತ ನೆನಪಾಗುತ್ತಿತ್ತು, ಅನ್ನುತ್ತಿದ್ದಳು. ಮನಸ್ಸು ಅನ್ನುವುದು ಮರಗಟ್ಟಿ ಹೋಗಿತ್ತು ಅಂದರೆ ಸರಿ.

ಕೈ ಮಾತ್ರ ತನ್ನ ಕೆಲಸ ತಾನು ಮಾಡುತ್ತಿತ್ತು. ಔಷಧಿ ಶುರುವಾದ ಮೇಲೆ ಪೀಪಿ ಇಳಿದುಹೋದಳು. ತುಂಬಿದ ಬಸ್ಸಿನಲ್ಲಿ ನುಗ್ಗಿ ದಾರಿ ಮಾಡಿಕೊಳ್ಳುತ್ತಿದ್ದ ಆಳು, ಈಗ ದಿಂಬಿಗಿಂತ ಹಗುರ. ಆಸ್ಪತ್ರೆಯವರು ಕೊಟ್ಟ ದೊಗಳೆ ಅಂಗಿಯನ್ನು ಅವಳು ಜಪ್ಪಯ್ಯ ಅಂದರೂ ಹಾಕಲಿಲ್ಲ. "ಅದನ್ನ ಹಾಕ್ಕೊಂಡ್ರೆ ಕನ್ನಡೀಲಿ ನಾನು ಕಾಣಲ್ಲ, ಕಾಯಿಲೆ ಕಾಣುತ್ತೆ," ಅಂದಳು. ಅವಳಿಗೆ ಬೇಕಾದದ್ದು ಹಳೆಯ ಯೂನಿಫಾರ್ಮ್ ಅಂಗಿಗಳು. ಒಗೆದು ಒಗೆದು ಆಕಾಶದ ಬಣ್ಣಕ್ಕೆ ತಿರುಗಿ, ಮೆತ್ತಗಾದಂಥವು. ಅವೂ ಈಗ ದೊಗಳೆಯೇ. ಸರಿ, ಅಕ್ಕ ಅಂಗಿಯನ್ನು ತಂಗಿಯ ಮೈಮೇಲೇ ಇಟ್ಟು, ಎರಡೂ ಪಕ್ಕ ಹಿಡಿದು, ಪಿನ್ನು ಚುಚ್ಚಿ ಗುರುತು ಮಾಡಿಕೊಂಡು, ಹೊಲಿದು ಚಿಕ್ಕದು ಮಾಡಿದಳು. ಕೆಲವು ವಾರಕ್ಕೆ ಮತ್ತೆ ದೊಗಳೆ, ಮತ್ತೆ ಹಿಡಿದಳು. ಆಮೇಲೆ ಮತ್ತೆ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಬಟ್ಟೆಯನ್ನು ಇಷ್ಟು ಚಿಕ್ಕದು ಮಾಡಿದರೆ, ಒಳಗೆ ಮಿಕ್ಕಿದ್ದನ್ನು ಕತ್ತರಿಸಿ ತೆಗೆಯಬೇಕು. ನಿನ್ನೆ ಮೊನ್ನೆ ಸೂಜಿ ಹಿಡಿದವರಿಗೂ ಅದು ಗೊತ್ತು. ಟೈಲರಕ್ಕ ಕತ್ತರಿಸಲಿಲ್ಲ. ಮಿಷನ್ನೂ ತೆಗೆಯಲಿಲ್ಲ. ಉದ್ದುದ್ದ ಎಳೆಯ ಕಚ್ಚಾ ಹೊಲಿಗೆ ಹಾಕಿದಳು. ಮಿಷನ್ನಿಗೆ ಕೊಡುವ ಮುಂಚೆ ಬಟ್ಟೆ ಸರಿಯದ ಹಾಗೆ ಕೈಯಲ್ಲಿ ಹಾಕುತ್ತಾರಲ್ಲ, ಎಳೆದರೆ ಬಿಚ್ಚಿಕೊಳ್ಳುವ ಹೊಲಿಗೆ, ಅದು. ಮಿಕ್ಕಿದ ಬಟ್ಟೆಯನ್ನು ಒಳಗೇ ಮಡಚಿಟ್ಟಳು. ಪೀಪಿ ಮತ್ತೆ ಮೈ ತುಂಬಿಕೊಂಡಾಗ ದಾರ ಎಳೆದರಾಯಿತು, ಅಂಗಿ ಮೊದಲಿನ ಹಾಗೆ. ಅವಳು ಈ ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಆದರೆ ಅವಳಿಗೆ ಆಸೆ ಅಂತ ಏನಾದರೂ ಉಳಿದಿದ್ದರೆ ಅದೆಲ್ಲ ಆ ಮಡಿಕೆಗಳೊಳಗೆ ಇತ್ತು. ಪ್ರತಿ ಸಲವೂ ಒಂದು ಮಡಿಕೆ ಹೆಚ್ಚು, ಒಂದು ಸಾಲು ಗಂಟು ಹೆಚ್ಚು. ಹೊಸ ಅಂಗಿ ಹೊಲಿಯಬಹುದಿತ್ತಲ್ಲ ಅನ್ನುತ್ತೀರಿ. ಹೊಸದು ಹೊಲಿಯಬೇಕಾದರೆ ಹೊಸ ಅಳತೆ ತೆಗೆಯಬೇಕು. ಈ ಮೈಗೆ ಟೇಪು ಹಿಡಿಯುವುದು ಅವಳ ಕೈಲಾಗದ ಕೆಲಸ.

ಹೀಗಿರುವಾಗ ಡಾಕ್ಟರು ಒಂದು ಬೆಳಿಗ್ಗೆ ಅಕ್ಕನನ್ನು ತಮ್ಮ ಕೋಣೆಗೆ ಕರೆದರು. ಒಳ್ಳೆಯ ಮನುಷ್ಯ, ಮಾತನ್ನು ಸುತ್ತಿ ಬಳಸಲಿಲ್ಲ. ಗಡ್ಡೆ ಔಷಧಿಗೆ ಬಗ್ಗುತ್ತಿಲ್ಲ, ಇನ್ನು ಕೊಟ್ಟರೆ ಹಿಂಸೆಯೇ ಹೊರತು ಪ್ರಯೋಜನವಿಲ್ಲ, ನೋವಿಗೆ ಮಾತ್ರ ಕೊಡುತ್ತೇವೆ ಅಂದರು.

"ಮನೆಗೆ ಕರ್ಕೊಂಡು ಹೋಗಿ ಆರಾಮಾಗಿ ನೋಡ್ಕೊಳ್ಳಿ," ಅಂದರು.

"ಯಾವ ಮನೆಗೆ?" ಅಂತ ಕೇಳಿದಳು ಟೈಲರಕ್ಕ.

ಊರಿಗೆ ಅಷ್ಟು ದೂರದ ಪ್ರಯಾಣ ಆ ಮೈ ತಡೆಯುವುದಿಲ್ಲ ಅಂದರು. ಈಗಿರುವ ಮನೆ ಹತ್ತಿರವೇ ಇದೆಯಲ್ಲ, ನರ್ಸನ್ನು ಅಲ್ಲಿಗೇ ಕಳಿಸುತ್ತೇವೆ ಅಂದರು. ಟೈಲರಕ್ಕ ಆಗಲಿ ಅಂತ ತಲೆಯಾಡಿಸಿ ಎದ್ದಳು. ಸಿಗ್ನಲ್ಲಿನಲ್ಲಿ ಜನ ದಾಟಿದರು, ಅವಳೂ ದಾಟಿದಳು. ಅಂಗಡಿಯಲ್ಲಿ ಬ್ರೆಡ್ಡು ತೆಗೆದುಕೊಂಡಳು. ಏನೂ ಆಗಲಿಲ್ಲ ಅವಳಿಗೆ. ಎದೆ ಒಡೆಯುತ್ತೆ ಅಂತೆಲ್ಲ ಜನ ಹೇಳುತ್ತಾರಲ್ಲ, ಹಾಗೇನೂ ಇಲ್ಲ. ಲಿಫ್ಟು ಬಂತು, ಹತ್ತಿದಳು.

ಪೀಪಿಗೆ ಡಾಕ್ಟರು ಆಗಲೇ ಹೇಳಿದ್ದರು. ಅಕ್ಕನಿಗೆ ಅದು ಗೊತ್ತಿರಲಿಲ್ಲ.

"ಏನಂದ್ರು?" ಅಂತ ಪೀಪಿ ಸುಮ್ಮನೆ ಕೇಳಿದಳು.

"ಔಷಧಿ ಸ್ವಲ್ಪ ದಿನ ನಿಲ್ಲಿಸ್ತಾರಂತೆ. ಮೈ ಸುಧಾರಿಸ್ಕೊಳ್ಳೋಕೆ," ಅಂದಳು ಅಕ್ಕ, ಮತ್ತು ಸೂಜಿಗೆ ದಾರ ಪೋಣಿಸಲು ಕಿಟಕಿಯ ಕಡೆ ತಿರುಗಿದಳು. ಅಂಗಿ ಮತ್ತೆ ದೊಗಳೆಯಾಗಿತ್ತು. ಇನ್ನೊಂದು ಮಡಿಕೆ ಹಿಡಿದಳು. ಪೀಪಿ ಕೈ ಎತ್ತಿಕೊಂಡು, ಅವಳು ಪಿನ್ನು ಚುಚ್ಚುವವರೆಗೂ ತುಟಿ ಪಿಟಕ್ಕೆನ್ನದೆ ಕಾದಳು. ಆ ಬಾಯಿ ಸುಮ್ಮನಿತ್ತು ಅಂದರೆ ಅಕ್ಕನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ನರ್ಸು ಬಂದವಳು ಗಟ್ಟಿ ಹೆಂಗಸು. ಬಂದ ಕೂಡಲೇ ತೋಳು ಮಡಚಿ, ಬಿಸಿನೀರು ಇಡಿ ಅಂದಳು. ಪೀಪಿಯ ಮೈ ಒರೆಸಲು ಅಂಗಿ ತೆಗೆದು, ಕಂಕುಳ ಕೆಳಗೆ ನೋಡಿ ನಿಂತಳು. ಎರಡೂ ಪಕ್ಕದಲ್ಲಿ, ತೋಳಿನ ಬುಡದಿಂದ ಸೊಂಟದವರೆಗೆ, ಕೆಂಪು ಬರೆ ಎದ್ದಿತ್ತು. ಒಂದೆರಡು ಕಡೆ ಚರ್ಮ ಕಿತ್ತು ಹಸಿಯಾಗಿತ್ತು.

"ಔಷಧಿಯಿಂದ ಅಲ್ವಾ?" ಅಂದಳು ಟೈಲರಕ್ಕ. "ಚರ್ಮ ಸೂಕ್ಷ್ಮ ಆಗುತ್ತೆ ಅಂದಿದ್ರು."

ನರ್ಸು ಅಂಗಿಯನ್ನು ಒಳಮುಖ ತಿರುಗಿಸಿದಳು. ಮಡಿಕೆಯ ಮೇಲೆ ಮಡಿಕೆ ಸೇರಿ ಎರಡೂ ಪಕ್ಕ ಹಗ್ಗದ ಹಾಗೆ ದಪ್ಪಗಾಗಿತ್ತು. ಉದ್ದಕ್ಕೂ ದಾರದ ಗಂಟುಗಳು.

"ಇದು ಔಷಧೀದಲ್ಲಮ್ಮ, ಬಟ್ಟೇದು," ಅಂದಳು. "ಪಾಪ, ಮಗ್ಗುಲಾಗಿ ಮಲಗೋಕೇ ಆಗಿರಲ್ಲ ಇವರಿಗೆ. ಯಾರು ಹೊಲಿದದ್ದು ಇದನ್ನ?"

ಪೀಪಿಯೇ, "ಊರಲ್ಲಿ ಒಬ್ಬಳು ಟೈಲರ್ ಇದಾಳೆ, ಸ್ವಲ್ಪ ತಲೆಕೆಟ್ಟೋಳು, ಆದ್ರೆ ಕೈ ಒಳ್ಳೇದು," ಅಂದಳು. ನರ್ಸು ನಕ್ಕು, ಮುಲಾಮು ಹಚ್ಚಿ, ಸಂಜೆವರೆಗೂ ಏನೂ ತೊಡಿಸಬೇಡಿ ಅಂತ ಹೇಳಿ, ಮುಂದಿನ ಮನೆಗೆ ಹೋದಳು.

ಬಾಗಿಲು ಮುಚ್ಚಿತು. ಟೈಲರಕ್ಕನಿಗೆ ಈಗ ಒಂದೊಂದೇ ಕಾಣತೊಡಗಿತು. ಮಧ್ಯಾಹ್ನ ಪರದೆ ಕಳಚಿ ಬಿದ್ದಾಗ ಬಿಸಿಲು ಮುಖಕ್ಕೇ ಹೊಡೆಯುತ್ತಿದ್ದರೂ ಪೀಪಿ ಆಚೆ ಮಗ್ಗುಲಿಗೆ ಹೊರಳದೆ ಕಣ್ಣು ಮುಚ್ಚಿಕೊಂಡು ಅಂಗಾತವೇ ಮಲಗಿರುತ್ತಿದ್ದದ್ದು. ಹುಟ್ಟಿದಾಗಿನಿಂದ ಕೆನ್ನೆ ಕೆಳಗೆ ಕೈಯಿಟ್ಟುಕೊಂಡು ಮಗ್ಗುಲಾಗಿ ಮಲಗುವ ಹುಡುಗಿ, ಅಂಗಿಗೆ ಮಡಿಕೆ ಹಿಡಿಯತೊಡಗಿದ ಮೇಲೆ ಹಾಗೆ ಮಲಗಿದ್ದನ್ನು ಅವಳು ನೋಡಿರಲಿಲ್ಲ. ದಿನವೂ ಕಣ್ಣೆದುರೇ ಇತ್ತು, ನೋಡಿರಲಿಲ್ಲ.

"ಯಾಕೆ ಹೇಳ್ಲಿಲ್ಲ?" ಅಂದಳು.

"ಹೇಳಿದ್ರೆ ನೀನು ಕತ್ತರಿಸ್ಬೇಕಾಗ್ತಿತ್ತಲ್ಲ," ಅಂದಳು ಪೀಪಿ.

ರಸ್ತೆಯ ಸದ್ದು ಮೇಲಕ್ಕೆ ಬರುತ್ತಿತ್ತು. ಅಕ್ಕ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತಳು.

"ನಾನು ಚಿಕ್ಕವಳಿದ್ದಾಗ ನೀನು ಹೊಲಿಗೆ ಬಿಚ್ಚಿ ಬಟ್ಟೆ ದೊಡ್ಡದು ಮಾಡೋಳು," ಅಂದಳು ಪೀಪಿ. ಈಗ ಆ ದೊಡ್ಡ ಗಂಟಲು ಕೂಡ ಸಣ್ಣಗಾಗಿತ್ತು, ಪಕ್ಕದಲ್ಲಿದ್ದವರಿಗಷ್ಟೇ ಕೇಳುವಷ್ಟು. "ಈಗ ಹಿಡೀತಾ ಇದ್ದೀಯ. ನನಗೆ ಗೊತ್ತಿತ್ತು ಅಕ್ಕಾ, ಒಳಗೆ ಯಾಕೆ ಬಿಡ್ತಾ ಇದ್ದೀಯ ಅಂತ. ಇರ್ಲಿ, ಅವಳಿಗೆ ಸಮಾಧಾನ ಆದ್ರೆ ಆಗ್ಲಿ ಅಂತ ಸುಮ್ನಿದ್ದೆ. ಆದ್ರೆ ಡಾಕ್ಟ್ರು ನಿನಗಿಂತ ಮೊದ್ಲು ನನಗೇ ಹೇಳಿದ್ದು. ನಾನಿನ್ನು ದಪ್ಪ ಆಗಲ್ಲ. ಊರಿಗೂ ಹೋಗಲ್ಲ. ಇರೋ ಅಷ್ಟು ದಿನ ಇದೇ ಮನೆ. ಒಂದ್ಸಲ ಮಗ್ಗುಲಾಗಿ ಮಲಗ್ಬೇಕು ಕಣೇ."

ಟೈಲರಕ್ಕ ಎದ್ದಳು. ಎದ್ದು ಏನು ಮಾಡಬೇಕು ಅಂತ ಗೊತ್ತಾಗದೆ ಒಲೆಯವರೆಗೆ ಹೋಗಿ ವಾಪಸು ಬಂದಳು. ಆಮೇಲೆ ಪೆಟ್ಟಿಗೆಯ ಕೊಂಡಿ ತೆಗೆದು ಮಿಷನ್ನನ್ನು ಎತ್ತಿ ಮೇಜಿನ ಮೇಲೆ ಇಟ್ಟಳು. ಕುರ್ಚಿ ಎಳೆದುಕೊಂಡು ಕೂತಳು. ಕಚ್ಚಾ ಹೊಲಿಗೆಯ ದಾರಗಳನ್ನು ಒಂದೊಂದಾಗಿ ಎಳೆದಳು. ಎಲ್ಲ ಸಲೀಸಾಗಿ ಬಂದವು, ಅದಕ್ಕೆಂದೇ ಹಾಕಿದ್ದಲ್ಲವೇ. ಮಡಿಕೆಗಳು ಬಿಚ್ಚಿಕೊಂಡು ಅಂಗಿ ಪೂರಾ ಅಗಲಕ್ಕೆ ಹರಡಿತು. ಹಳೆಯ ಪೀಪಿಯ ಅಳತೆ ಅದು. ಅದನ್ನು ಕಣ್ಣೆದುರು ಹಿಡಿದು ನೋಡಿದಾಗ ಮೊದಲ ಬಾರಿಗೆ ಅವಳಿಗೆ ಸಂಕಟವಾಯಿತು.

ಸೂಟ್‌ಕೇಸಿನಿಂದ ಟೇಪು ತೆಗೆದು ತಂಗಿಯ ಎದೆಸುತ್ತಿಗೆ ಹಿಡಿದಳು. ಅಳತೆ ನೋಡಿದಳು. ಚಾಕಿನಲ್ಲಿ ಗೆರೆ ಎಳೆದು ಮಿಷನ್ನಿಗೆ ಕೊಟ್ಟಳು. ಎರಡು ಪಕ್ಕ, ಎರಡು ನೇರ ಹೊಲಿಗೆ, ಬಿಚ್ಚಲು ಬಾರದಂಥವು. ಮಿಷನ್ನಿನ ಸದ್ದಿಗೆ ಪೀಪಿ ಕಣ್ಣು ಮುಚ್ಚಿಕೊಂಡು, "ಈಗ ನಮ್ಮನೆ ಥರ ಆಯ್ತು," ಅಂದಳು.

ಇನ್ನು ಕತ್ತರಿ. ಟೈಲರಕ್ಕ ಕತ್ತರಿಯ ಬಾಯಿ ತೆರೆದು, ಹೊಲಿಗೆಯ ಪಕ್ಕಕ್ಕೆ ಇಟ್ಟು, ಹಾಗೇ ಕೂತಳು. ಜೀವಮಾನದಲ್ಲಿ ಎಷ್ಟು ಬಟ್ಟೆಗೆ ಕತ್ತರಿ ಹಾಕಿದ್ದಳೋ, ಲೆಕ್ಕ ಇಟ್ಟವರು ಯಾರು. ಇದೊಂದಕ್ಕೆ ಕೈ ಬರಲಿಲ್ಲ. ಮಂಚದ ಮೇಲಿಂದ ಪೀಪಿ ಅವಳನ್ನೇ ನೋಡುತ್ತಿದ್ದಳು.

"ರೈಟ್," ಅಂದಳು ಮೆಲ್ಲಗೆ.

ಅಕ್ಕ ಕತ್ತರಿಸಿದಳು. ಒಂದು ಪಕ್ಕ, ಆಮೇಲೆ ಇನ್ನೊಂದು ಪಕ್ಕ. ಉದ್ದನೆಯ ಎರಡು ಪಟ್ಟಿಗಳು ನೆಲಕ್ಕೆ ಬಿದ್ದವು. ಪಟ್ಟಿಯ ಹೊರ ಅಂಚು, ಅವಳು ಮೊದಲ ದಿನವೇ ಒಳಗೆ ಬಿಟ್ಟ ಆ ಅಂಗೈಯಗಲದ ಬಟ್ಟೆ, ಬಿಸಿಲು ಕಾಣದೆ ಕಡುನೀಲಿಯಾಗಿಯೇ ಉಳಿದಿತ್ತು. ಪೀಪಿ ಕೈ ಚಾಚಿದಳು. ಅಕ್ಕ ಎತ್ತಿಕೊಟ್ಟಳು.

"ಇದು ಈ ಬಣ್ಣ ಇತ್ತಾ?" ಅಂದಳು ಪೀಪಿ. "ಮರ್ತೇ ಹೋಗಿತ್ತು ನೋಡು. ಮೊದಲ ದಿನ ಡ್ಯೂಟಿಗೆ ಹೋದಾಗ ಇದೇ ಬಣ್ಣ ಇತ್ತು."

ಅವಳು ಆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು, ವಾಪಸು ಕೊಡಲಿಲ್ಲ.

ಸಂಜೆಯ ಹೊತ್ತಿಗೆ ಅಕ್ಕ ಅವಳಿಗೆ ಅಂಗಿ ತೊಡಿಸಿದಳು. ಸರಿಯಾಗಿ ಕೂತಿತು, ಎಲ್ಲೂ ಬಿಗಿಯಿಲ್ಲ, ಎಲ್ಲೂ ದೊಗಳೆಯಿಲ್ಲ. ಒಳಗೆ ಒಂದೆಳೆ ಹೆಚ್ಚು ಬಟ್ಟೆಯಿಲ್ಲ. ಭುಜ ಹಿಡಿದು ನಿಧಾನವಾಗಿ ಹೊರಳಿಸಿದಳು. ಪೀಪಿ ನೋವು ಬರುತ್ತೆ ಅಂತ ಉಸಿರು ಹಿಡಿದುಕೊಂಡು, ಬರಲಿಲ್ಲ ಅಂತ ಗೊತ್ತಾದ ಮೇಲೆ ಉಸಿರು ಬಿಟ್ಟಳು. ಕೈಯನ್ನು ಕೆನ್ನೆ ಕೆಳಗೆ ಇಟ್ಟುಕೊಂಡಳು. ಇನ್ನೇನೋ ಹೇಳಲು ಹೊರಟು, ಮಾತಿನ ನಡುವೆಯೇ ನಿದ್ದೆ ಹೋದಳು.

ಸರಳಿನ ಕ್ಲಿಪ್ಪು ಜಾರಿ ಹಾಸಿಗೆ ಬಟ್ಟೆ ಮತ್ತೆ ಕೆಳಗೆ ಬಿತ್ತು. ಉಳಿದಿದ್ದ ಬಿಸಿಲು ಪೀಪಿಯ ಬೆನ್ನ ಮೇಲೆ ಬಿತ್ತು, ಮುಖಕ್ಕೆ ಬೀಳಲಿಲ್ಲ. ಟೈಲರಕ್ಕ ಹೋಗಿ ಆ ಬಟ್ಟೆ ಎತ್ತಿಕೊಂಡಳು. ಅದನ್ನು ಸರಳಿಗೆ ಸಿಕ್ಕಿಸದೆ ತಂದು ಮೇಜಿನ ಮೇಲೆ ಹಾಸಿ, ಮೇಲಿನ ಅಂಚನ್ನು ಸರಳು ತೂರುವಷ್ಟು ಮಡಚಿ, ಮಿಷನ್ನಿಗೆ ಕೊಟ್ಟಳು. ತಂಗಿ ಏಳದ ಹಾಗೆ ಚಕ್ರವನ್ನು ಕೈಯಲ್ಲೇ ಮೆಲ್ಲಮೆಲ್ಲಗೆ ತಿರುಗಿಸಿದಳು. ಹೊಲಿಯುತ್ತ ಹೊಲಿಯುತ್ತ ಅವಳಿಗೆ ಅಳು ಬಂತು. ಹೊಲಿಗೆ ನಿಲ್ಲಿಸದೆ ಅತ್ತಳು. ಪರದೆ ಮುಗಿದ ಮೇಲೆ ಅದನ್ನು ಕಿಟಕಿಗೆ ಹಾಕಿ, ಸೂಟ್‌ಕೇಸನ್ನು ಕಪಾಟಿನ ಮುಂದೆ ಎಳೆದು, ತಂಗಿಯ ಬಟ್ಟೆಗಳನ್ನು ಒಂದೊಂದಾಗಿ ಹ್ಯಾಂಗರಿಗೆ ಹಾಕತೊಡಗಿದಳು.